ಶ್ವಾಸಕೋಶದ ನರಾಂತಃಸ್ರಾವೀ ಅರ್ಬುದಗಳೂ ಆಯುರ್ನಿರ್ಣಯವೂ

ಚಿಕಿತ್ಸೆಗೆ ತೊಡಗುವ ಮುನ್ನ ರೋಗವು ಸಾಧ್ಯವೋ ಅಸಾಧ್ಯವೋ ಎಂದು ವಿಚಾರಿಸಬೇಕೆಂಬುದು ಪ್ರಾಚೀನ ವೈದ್ಯರ ಮತ. ಚರಕಸಂಹಿತೆಯು ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅನುಪಕ್ರಮ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಇಂದ್ರಿಯಸ್ಥಾನವೆಂಬ ಇಡಿಯ ಭಾಗವನ್ನು ಆಯುಸ್ಸಿನ ಲಕ್ಷಣಗಳಿಗೆ ಮೀಸಲಿರಿಸಿದೆ. ಅದೇ ಪ್ರಶ್ನೆಯನ್ನು ಇಂದಿನ ವೈದ್ಯಶಾಸ್ತ್ರವು ಬಿಡಿಸುವ ಕ್ರಮಕ್ಕೆ ಶ್ವಾಸಕೋಶದ ನರಾಂತಃಸ್ರಾವೀ ಅರ್ಬುದಗಳು ಉತ್ತಮ ನಿದರ್ಶನವಾಗಿವೆ.

ನರಕೋಶ ಹಾಗೂ ಅಂತಃಸ್ರಾವಕೋಶಗಳೆರಡರ ಗುಣವುಳ್ಳ ಜೀವಕೋಶಗಳಿಂದ ಆದ ಈ ಗಂಟುಗಳಲ್ಲಿ ನಾಲ್ಕು ಪ್ರಭೇದಗಳುಂಟು: ಸಹಜ ಕಾರ್ಸಿನಾಯ್ಡ್, ಅಸಹಜ ಕಾರ್ಸಿನಾಯ್ಡ್, ದೊಡ್ಡ ಕೋಶದ ಕ್ಯಾನ್ಸರ್, ಸಣ್ಣ ಕೋಶದ ಕ್ಯಾನ್ಸರ್. 'ಕಾರ್ಸಿನಾಯ್ಡ್' ಎಂದರೆ ಕ್ಯಾನ್ಸರಿನಂಥದು. ಜರ್ಮನಿಯ ಓಬರ್ನ್‌ಡಾರ್ಫರನು 1907ರಲ್ಲಿ ಕರುಳಿನ ಗಂಟುಗಳಿಗೆ ಈ ಹೆಸರಿಟ್ಟನು. ಅವು ನಿರಪಾಯಕರವೆಂಬ ಭಾವವು ಹೆಸರಿನಲ್ಲಿದ್ದರೂ ಅದು ಪೂರ್ಣಸತ್ಯವಲ್ಲವೆಂದು ಮುಂದೆ ತಿಳಿದುಬಂದಿತು.

ಪ್ರಭೇದವನ್ನು ನಿರ್ಣಯಿಸುವುದು ಎಣಿಕೆಯಿಂದ. ಸೂಕ್ಷ್ಮದರ್ಶಕದಡಿಯಲ್ಲಿ 2 ಚದರ ಮಿಲಿಮೀಟರಿನಷ್ಟು ಜಾಗದಲ್ಲಿ ವಿಭಜನೆಯಲ್ಲಿ ತೊಡಗಿದ ಕೋಶಗಳು 2ಕ್ಕಿಂತ ಕಡಿಮೆಯಿದ್ದು, ಕೋಶಗಳು ಸತ್ತ ಗುರುತಿಲ್ಲದಿದ್ದರೆ ಸಹಜ. 2ರಿಂದ 10ರವರೆಗಿದ್ದರೆ, ಅಥವಾ ಅಲ್ಲಲ್ಲಿ ಸತ್ತ ಕೋಶಗಳ ಚುಕ್ಕೆಗಳಿದ್ದರೆ ಅಸಹಜ. 10ನ್ನು ಮೀರಿದರೆ ಉಗ್ರವಾದ ಉಳಿದೆರಡು. ಸಹಜ ಕಾರ್ಸಿನಾಯ್ಡಿನವರಲ್ಲಿ ನೂರಕ್ಕೆ ಸುಮಾರು 90 ಮಂದಿ ಐದು ವರ್ಷಗಳಾಚೆಗೂ ಬದುಕಿರುತ್ತಾರೆ. ಸಣ್ಣ ಕೋಶದ ಕ್ಯಾನ್ಸರಿನಲ್ಲಿ 10 ಮಂದಿಯೂ ಉಳಿಯುವುದಿಲ್ಲ. ಚಿಮಟದಿಂದ ತೆಗೆದ ಚಿಕ್ಕ ತುಣುಕಿನಲ್ಲಿ ಕೋಶಗಳು ಜಜ್ಜಿಹೋದರೆ ಮೊದಲನೆಯದು ಕೊನೆಯದರಂತೆ ತೋರುವುದುಂಟು. ಆಗ ಕೆಐ-67 ಎಂಬ ಪ್ರೋಟೀನಿನ ಪರೀಕ್ಷೆಯು ಭೇದವನ್ನು ತೋರಿಸಿಕೊಡುತ್ತದೆ. ಶಸ್ತ್ರಕ್ರಿಯೆಯಿಂದ ಗುಣವಾಗಬಲ್ಲವನಿಗೆ ಈ ಒಂದು ತಪ್ಪಿನಿಂದ ಆಶೆಯೇ ಕಡಿದುಹೋದೀತು.

ಹೆಸರು ನಿಶ್ಚಯವಾದ ಮೇಲೂ ರೋಗದ ಹರಡುವಿಕೆ, ದುಗ್ಧಗ್ರಂಥಿಗಳ ಸ್ಥಿತಿ, ರೋಗಿಯ ವಯಸ್ಸು ಇವನ್ನು ಲೆಕ್ಕಕ್ಕೆ ಹಿಡಿಯಬೇಕು. ಇವುಗಳ ಪ್ರಭಾವವನ್ನು ಒಟ್ಟಿಗೆ ತೂಗುವ ಗಣಿತಕ್ರಮವನ್ನು ಡೇವಿಡ್ ಕಾಕ್ಸನು 1972ರಲ್ಲಿ ಕೊಟ್ಟನು. ಅದಕ್ಕೂ ಮೊದಲು, 1958ರಲ್ಲಿ, ಕಪ್ಲಾನ್ ಮತ್ತು ಮಾಯರ್ ಎಂಬಿಬ್ಬರು ನಡುವೆ ಕಣ್ಮರೆಯಾದ ರೋಗಿಗಳನ್ನೂ ಅವರು ಕಂಡಿದ್ದಷ್ಟು ಕಾಲದ ಮಟ್ಟಿಗೆ ಎಣಿಕೆಗೆ ಸೇರಿಸುವ ಮಾರ್ಗವನ್ನು ತೋರಿಸಿದ್ದರು. ಕಣ್ಮರೆಯಾದವರ ಗತಿಯು ಉಳಿದವರ ಗತಿಯಂತೆಯೇ ಇರುವುದೆಂಬ ನಂಬಿಕೆಯೇ ಈ ಮಾರ್ಗದ ಅಡಿಗಲ್ಲು.

ಹುಬ್ಬಳ್ಳಿ-ಧಾರವಾಡಕ್ಕೆ ಸಂಬಂಧಿಸಿದ ಮಾತು ಇಲ್ಲಿಯೇ ಬರುತ್ತದೆ. 1957ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪಿತವಾದ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೂ ನವನಗರದ ಕ್ಯಾನ್ಸರ್ ಸಂಸ್ಥೆಗೂ ಗದಗ, ಹಾವೇರಿ, ಬಾಗಲಕೋಟೆಗಳ ಕಡೆಯಿಂದಲೂ ರೋಗಿಗಳು ಬರುತ್ತಾರೆ. ದೂರದ ಹಳ್ಳಿಗೆ ಮರಳಿದವನು ಮತ್ತೆ ಬಾರದಿದ್ದರೆ, ಅವನು ಗುಣಹೊಂದಿ ಉಳಿದನೋ ತೀರಿಹೋದನೋ ಎಂಬುದು ದಾಖಲೆಗೆ ಸೇರದು. ತೀರಿಹೋದವರೇ ಹೆಚ್ಚಾಗಿ ಕಣ್ಮರೆಯಾದರೆ ಲೆಕ್ಕವು ಇದ್ದುದಕ್ಕಿಂತ ಹೆಚ್ಚಿನ ಆಶೆಯನ್ನು ತೋರಿಸುವುದು. ಇನ್ನು ಆಯುರ್ನಿರ್ಣಯದ ಅನೇಕ ಕೋಷ್ಟಕಗಳು ಅಮೇರಿಕೆಯ ರೋಗಿಗಳ ದಾಖಲೆಗಳಿಂದ ಹುಟ್ಟಿದವು. ರೋಗವನ್ನು ಕಂಡುಹಿಡಿಯುವುದು ತಡವಾಗುವೆಡೆ, ಕೆಮ್ಮು ಮತ್ತು ರಕ್ತಯುಕ್ತ ಕಫವನ್ನು ಮೊದಲು ಕ್ಷಯವೆಂದೇ ಎಣಿಸುವೆಡೆ, ಅವು ಹಾಗೆಯೇ ಸಲ್ಲುವುವೆನ್ನಲಾಗದು.

ಮೇಲಾಗಿ ಈ ಸಂಖ್ಯೆಗಳು ಸಮುದಾಯಕ್ಕೆ ಸೇರಿದವು, ವ್ಯಕ್ತಿಗಲ್ಲ. ನೂರರಲ್ಲಿ ತೊಂಬತ್ತು ಎಂಬ ಮಾತು, ಎದುರಿಗೆ ಕುಳಿತ ಒಬ್ಬನು ಆ ತೊಂಬತ್ತರಲ್ಲಿರುವನೋ ಹತ್ತರಲ್ಲಿರುವನೋ ಎಂಬುದನ್ನು ತಿಳಿಸಲಾರದು. ಆದಕಾರಣ ತುಣುಕನ್ನು ಸರಿಯಾಗಿ ಪರೀಕ್ಷಿಸುವುದೂ, ಊರಿಗೆ ಮರಳಿದ ರೋಗಿಯನ್ನು ವರ್ಷವರ್ಷವೂ ವಿಚಾರಿಸಿ ಬರೆದಿಡುವುದೂ ಈ ಸೀಮೆಯ ಸಾಧ್ಯಾಸಾಧ್ಯವಿಚಾರಕ್ಕೆ ತಳಹದಿಯಾಗಿವೆ.