ನಮ್ಮ ವೆಬ್‌ಸೈಟಿಗೆ ಬೋಣಿಯಾದ ಬಗೆ

ಹೊಸ ಹೊಟೇಲು ತೆರೆದ ದಿನ ಬೋಣಿಯಾಗದಿದ್ದರೆ ಜೀವ ಎಷ್ಟು ಒದ್ದಾಡುತ್ತದೆಂದು ಬಂಧುಗಳಿಗೆ ಹೇಳಬೇಕಾಗಿಲ್ಲ. ನಾವು ಏಳು ಮಂದಿ ಹೊಟೇಲಿನವರು ಟ್ರಸ್ಟ್ ಮಾಡಿಕೊಂಡು, ಕಾರ್ಮಿಕರ ಮಕ್ಕಳ ಶಾಲೆ ಫೀಸಿಗಾಗಿ 2022ರ ಮಾರ್ಚ್‌ನಲ್ಲಿ ಒಂದು ವೆಬ್‌ಸೈಟ್ ತೆರೆದೆವು. ಏಪ್ರಿಲ್ ಮುಗಿದರೂ ಒಂದು ರೂಪಾಯಿ ಬರಲಿಲ್ಲ. ಜೂನ್‌ನಲ್ಲಿ ಶಾಲೆ ಶುರು. ಒಂಬತ್ತು ಮಕ್ಕಳ ಫೀಸು ಕಟ್ಟುತ್ತೇವೆಂದು ಮಾತು ಕೊಟ್ಟಾಗಿತ್ತು. ಹಗಲು ಕಪ್ಪು ಬಸಿ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋದವರು ಮುಂಬಯಿಯ ನಮ್ಮ ಉದ್ಯಮದಲ್ಲಿ ಬಹಳ ಮಂದಿ. ಹೇಳಿದ ಕೂಡಲೇ ಹಣ ಬರುತ್ತದೆಂದು ನಂಬಿ ಕೂತಿದ್ದೆವು.

ಕೊನೆಗೆ ಗಲ್ಲಾದ ಹುಡುಗನಿಗೆ, "ನಿನ್ನ ಫೋನಿನಲ್ಲಿ ತೆರೆದು ನೂರು ರೂಪಾಯಿ ಹಾಕು ನೋಡುವ" ಎಂದೆವು. ಪುಟ ತೆರೆಯುವಷ್ಟರಲ್ಲಿ ಅವನು ಮೂರು ಬಿಲ್ಲು ಮುಗಿಸಿದ. ತೆರೆದ ಮೇಲೆ ಕಂಡದ್ದು ನಮ್ಮದೇ ಮುಖಗಳು. ಶಾಲು, ಹಾರ, ದೀಪ ಬೆಳಗಿಸುವ ಫೋಟೋ, ಅಧ್ಯಕ್ಷರ ಮಾತು. ಹಣ ಕೊಡುವ ಜಾಗ ತೀರಾ ಕೆಳಗೆ. ಅದನ್ನು ಒತ್ತಿದರೆ ಹನ್ನೊಂದು ಪ್ರಶ್ನೆ, ಪ್ಯಾನ್ ನಂಬರ್ ಇಲ್ಲದೆ ಮುಂದೆ ಹೋಗುವುದಿಲ್ಲ. "ಇಡ್ಲಿ ತಿನ್ನಲು ಬಂದವನಿಗೆ ಗೋತ್ರ ಕೇಳಿದ ಹಾಗಾಯ್ತು ಧಣಿ" ಎಂದ.

ಫೋಟೋಗಳನ್ನೆಲ್ಲ ತೆಗೆಸಿದೆವು. (ಒಬ್ಬ ಹಿರಿಯರಿಗೆ ಆದ ಬೇಸರ ಇನ್ನೂ ಹೋಗಿಲ್ಲ.) ಆ ಜಾಗದಲ್ಲಿ ಮಕ್ಕಳ ಫೋಟೋ ಹಾಕಿದರೆ ಜನರ ಮನಸ್ಸು ಕರಗುತ್ತದೆ ಎಂದು ವೆಬ್‌ಸೈಟ್ ಮಾಡಿದವರು ಹೇಳಿದರು. ನಮ್ಮ ಅಡುಗೆ ಭಟ್ಟರನ್ನು ಕೇಳಿದೆವು. ಅವರು ಸೌಟು ಕೆಳಗಿಟ್ಟು, "ಮಗಳು ಈ ಸಲ ಹತ್ತನೇ ಕ್ಲಾಸು. ಜೊತೆಗೆ ಕಲಿಯುವ ಮಕ್ಕಳು ನೋಡ್ಲಿಕ್ಕಿಲ್ವಾ? ಹಾಗಾದ್ರೆ ಫೀಸು ಬೇಡ ಬಿಡಿ" ಎಂದರು. ನಮಗೆ ತಲೆ ಎತ್ತಲಾಗಲಿಲ್ಲ. ಫೋಟೋವೂ ಬೇಡ, ಹೆಸರೂ ಬೇಡ ಎಂದು ತೀರ್ಮಾನಿಸಿ ಬರೀ ಲೆಕ್ಕ ಹಾಕಿದೆವು, ಮೆನು ಬೋರ್ಡಿನ ಹಾಗೆ: ಹತ್ತನೇ ತರಗತಿ, ಫೀಸು ಇಷ್ಟು, ಪುಸ್ತಕ ಇಷ್ಟು, ಬಂದದ್ದು ಇಷ್ಟು, ಬಾಕಿ ಇಷ್ಟು.

ಪ್ರಶ್ನೆಗಳನ್ನು ಮೂರಕ್ಕೆ ಇಳಿಸಿದೆವು: ಹೆಸರು, ವಿಳಾಸ, ಫೋನ್. ಹೆಸರು, ವಿಳಾಸ ಬಿಡುವ ಹಾಗಿಲ್ಲ. ಗುರುತಿಲ್ಲದ ದಾನ ಮಿತಿ ದಾಟಿದರೆ ಟ್ರಸ್ಟೇ ತೆರಿಗೆ ಕಟ್ಟಬೇಕು. ಪ್ಯಾನ್ ಕೇಳುವುದು ನಾವೆಲ್ಲ 80ಜಿ ಎನ್ನುವ ತೆರಿಗೆ ರಿಯಾಯಿತಿ ಬೇಕಾದವರಲ್ಲಿ ಮಾತ್ರ. ನಗದು 2000 ರೂಪಾಯಿ ದಾಟಿದರೆ ಆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇದನ್ನು ಮೊದಲೇ ಬರೆದು ಹಾಕಿದೆವು. ವಿದೇಶದ ಹಣದ ಆಸೆಯೂ ಇತ್ತು. ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ ಅನುಮತಿ ಬೇಕು, ಖಾತೆ ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯಲ್ಲೇ ಇರಬೇಕು. ಭಾರತದ ಪಾಸ್‌ಪೋರ್ಟ್ ಇರುವ ದುಬೈಯ ನಮ್ಮವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ.

ಇಷ್ಟಾದರೂ ನೋಡುವವರು ಬೇಕಲ್ಲ? ಗಲ್ಲಾದಲ್ಲಿ ನಮ್ಮ ಬಿಲ್ಲಿನ ಕ್ಯೂಆರ್ ಪಕ್ಕದಲ್ಲೇ ಟ್ರಸ್ಟಿನ ಯುಪಿಐ ಕ್ಯೂಆರ್ ಇಟ್ಟೆವು. ಮೊದಲ ದಿನವೇ ಹಣ ಬಂತು! 85, 140, 65. ಸಂಜೆ ನೋಡಿದರೆ ಎಲ್ಲ ದೋಸೆ, ಕಾಫಿಯ ಬಿಲ್ಲು, ತಪ್ಪಿ ಅಲ್ಲಿಗೆ ಹೋದದ್ದು. ಅದನ್ನು ತೆಗೆದು, ಹಣದ ಬದಲು ವೆಬ್‌ಸೈಟ್ ತೆರೆಯುವ ಕ್ಯೂಆರ್ ಮಾಡಿಸಿ ಮೇಜುಗಳ ಮೇಲೆ ಇಟ್ಟೆವು. ಕಾಫಿ ಬರುವ ತನಕ ಜನ ಓದುತ್ತಾರೆ.

ಬೋಣಿ ಮಾಡಿದವರು ಬೆಳಿಗ್ಗೆ ಏಳಕ್ಕೆ ಬರುವ ಒಬ್ಬ ಗುಜರಾತಿ ಹಿರಿಯರು, 101 ರೂಪಾಯಿ. ಆಮೇಲೆ ಹಾಲಿನವರು, ತರಕಾರಿಯವರು, ಪಕ್ಕದ ಬ್ಯಾಂಕಿನ ನಾಲ್ವರು. ಜೂನ್ ಹೊತ್ತಿಗೆ ಏಳು ಮಕ್ಕಳ ಬಾಕಿ ಸೊನ್ನೆಯಾಯಿತು, ಉಳಿದ ಎರಡಕ್ಕೆ ನಾವೇ ಹಾಕಿದೆವು. ಶಾಲೆಯ ರಸೀದಿಯಲ್ಲಿ ಮಗುವಿನ ಹೆಸರು ಮುಚ್ಚಿ, ಫೋಟೋ ತೆಗೆದು ಕೊಟ್ಟವರಿಗೆಲ್ಲ ಕಳಿಸಿದೆವು.

2023ರ ಫಲಿತಾಂಶದ ದಿನ ಆ ಹಿರಿಯರು, "ಹತ್ತನೆಯ ಹುಡುಗಿ ಪಾಸಾದಳೇ?" ಎಂದು ಕೇಳಿದರು. ಪಾಸಾದಳು ಎಂದೆವು. ಯಾರ ಮಗಳು ಎಂದು ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಆ ವರ್ಷದ ಪಟ್ಟಿಯಲ್ಲಿ ಹನ್ನೊಂದು ಮಕ್ಕಳಿದ್ದರು. ಅವರು ಅಲ್ಲೇ ಕೂತು ಓದಿ 501 ಹಾಕಿದರು.