ಗಾರೆಗೋಡೆ ಹಿಡಿದ ಗಾಳಿ

ಬೆಂಗಳೂರಿನ ಶಿವಾಜಿನಗರ, ಹಲಸೂರಿನ ಕಡೆ ಇನ್ನೂ ಉಳಿದಿರುವ 19ನೇ ಶತಮಾನದ ಕಟ್ಟಡಗಳನ್ನು ಹಿಡಿದು ನಿಲ್ಲಿಸಿರುವುದು ಸಿಮೆಂಟಲ್ಲ, ಸುಣ್ಣದ ಗಾರೆ. 1809ರಲ್ಲಿ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದಿಂದ ಬಂದು ಇಲ್ಲಿ ದಂಡು ಹೂಡಿದ ಮೇಲೆ ಎದ್ದ ಗೋಡೆಗಳಿವು. ಕಟ್ಟಿ ಮುಗಿದ ಮೇಲೂ ಆ ಸುಣ್ಣ ವರ್ಷಗಟ್ಟಲೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಮತ್ತೆ ಕಲ್ಲಾಯಿತು.

ಅಂದರೆ ಈ ಅನಿಲವನ್ನು ಹಿಡಿಯುವ ವಿದ್ಯೆ ಹಳೆಯದು. ಕಷ್ಟವಿರುವುದು ಹಿಡಿದದ್ದನ್ನು ಬಿಡಿಸುವುದರಲ್ಲಿ. ಬಿಡಿಸಿದರಷ್ಟೇ ಅನಿಲವನ್ನು ನೆಲದಾಳಕ್ಕೆ ಇಳಿಸಬಹುದು, ಅದೇ ಸುಣ್ಣವನ್ನು ಮತ್ತೆ ಬಳಸಬಹುದು. ಅದಕ್ಕೆ ಸುಣ್ಣದ ಗೂಡೇ ಬೇಕು, ಸುಮಾರು 900 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ. ಈ ಅನಿಲವನ್ನು ಗಾಳಿಯಿಂದಲೇ ಸೆಳೆಯಬಹುದೆಂದು ಕ್ಲಾಸ್ ಲ್ಯಾಕ್ನರ್ ಮತ್ತು ಸಂಗಡಿಗರು 1999ರಲ್ಲಿ ಮುಂದಿಟ್ಟ ಯೋಚನೆಗೂ ಅಡ್ಡ ನಿಂತದ್ದು ಬಿಡಿಸಲು ತಗಲುವ ಈ ಶಕ್ತಿಯೇ.

ಉರಿಯ ಬದಲು ಕರೆಂಟು ಹರಿಸಿದರೆ? 2019ರಲ್ಲಿ ಅಮೆರಿಕದ ಎಂಐಟಿಯ ಸಹಾಗ್ ವೋಸ್ಕಿಯನ್ ಮತ್ತು ಅಲನ್ ಹ್ಯಾಟನ್ ಬ್ಯಾಟರಿಯಂಥದೊಂದು ಸಾಧನ ತೋರಿಸಿದರು. ಅದರ ತೆಳು ಫಲಕಗಳಿಗೆ ಕ್ವಿನೋನ್ ಎಂಬ ರಾಸಾಯನಿಕದ ಲೇಪ. ಚಾರ್ಜ್ ಮಾಡಿದಾಗ ಕ್ವಿನೋನ್ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಡಿಸ್‌ಚಾರ್ಜ್ ಆದಾಗ ಕೈಬಿಡುತ್ತದೆ. ಒಂದು ಟನ್ ಹಿಡಿಯಲು ಅವರು ಹೇಳಿದ ಖರ್ಚು ಸುಮಾರು ಒಂದು ಗಿಗಾಜೂಲ್. ನಮ್ಮ ಮನೆ ಮೀಟರಿನ ಲೆಕ್ಕದಲ್ಲಿ 280 ಯೂನಿಟ್! ಗೂಡಿನ ಉರಿಯನ್ನು ನೆನೆದರೆ ಇದು ನಿಜಕ್ಕೂ ಸೊಗಸಾದ ಉಪಾಯ.

ತೊಡಕೂ ಇದೆ. ಕೆ.ಆರ್. ಪುರದ ತೂಗುಸೇತುವೆಯ ಬಳಿ ಕಣ್ಣುರಿಸುವ ಗಾಳಿಯಲ್ಲೂ ಈ ಅನಿಲ ತೀರಾ ವಿರಳ: ಸಾಮಾನ್ಯ ಗಾಳಿಯ ಹತ್ತು ಸಾವಿರ ಲೀಟರಿನಲ್ಲಿ ಸಿಗುವುದು ನಾಲ್ಕು ಲೀಟರಿಗೆ ತುಸು ಹೆಚ್ಚು. ಆಮ್ಲಜನಕ ಅದರ ಐನೂರು ಪಟ್ಟು. ಚಾರ್ಜ್ ಆದ ಕ್ವಿನೋನಿನ ಎಲೆಕ್ಟ್ರಾನುಗಳನ್ನು ಆಮ್ಲಜನಕ ಕಸಿದುಕೊಳ್ಳುತ್ತದೆ. ಅದನ್ನು ತಾಳಿಕೊಳ್ಳುವ ಅಣುಗಳ ಹುಡುಕಾಟದಲ್ಲೇ ಈಗ ಸಂಶೋಧಕರ ಹೆಚ್ಚಿನ ಬೆವರು ಹರಿಯುತ್ತಿದೆ.

ಹಿಡಿದ ಅನಿಲದ ಮುಂದಿನ ಕಥೆಗೆ ಬೆಂಗಳೂರಿನದೇ ಒಂದು ಅಧ್ಯಾಯವಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸೆಬಾಸ್ಟಿಯನ್ ಪೀಟರ್ ಅದನ್ನು ಮೆಥನಾಲ್ ಆಗಿಸುವ ವೇಗವರ್ಧಕ ರೂಪಿಸಿದರು. ಅವರ ‘ಬ್ರೀತ್’ ತಂಡ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಹತ್ತರಲ್ಲಿ ಒಂದಾಯಿತು. 2022ರಲ್ಲಿ ಕೇಂದ್ರ ಸರ್ಕಾರ ಇಂಗಾಲ ಹಿಡಿದು ಬಳಸುವ ಸಂಶೋಧನೆಗೆಂದು ಎರಡು ರಾಷ್ಟ್ರೀಯ ಕೇಂದ್ರಗಳನ್ನು ಘೋಷಿಸಿದಾಗ ಒಂದು ಐಐಟಿ ಬಾಂಬೆಗೆ ಹೋಯಿತು, ಇನ್ನೊಂದು ಜಕ್ಕೂರಿಗೆ ಬಂತು.

ಆ 280 ಯೂನಿಟ್ ಎಲ್ಲಿಂದ ಬರುತ್ತದೆ ಎನ್ನುವುದನ್ನೂ ಕೇಳಲೇಬೇಕು. ಕಲ್ಲಿದ್ದಲು ಉರಿಸಿ ಒಂದು ಯೂನಿಟ್ ತಯಾರಿಸಿದರೆ ಕಿಲೋಗ್ರಾಂ ಹತ್ತಿರ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ರಾಯಚೂರಿನ ಕಲ್ಲಿದ್ದಲಿನ ಕರೆಂಟು ಕೊಟ್ಟರೆ, ಇಲ್ಲಿ ಹಿಡಿದ ಟನ್ನಿನ ಕಾಲುಭಾಗ ಅಲ್ಲಿಯ ಚಿಮಣಿಯಿಂದ ಮತ್ತೆ ಗಾಳಿ ಸೇರುತ್ತದೆ. ಹಾಗಾಗಿ ಈ ಫಲಕಗಳನ್ನು ಜೋಡಿಸಬೇಕಾದದ್ದು ಪಾವಗಡದ ಸೌರವಿದ್ಯುತ್ ಪಾರ್ಕಿನ ಬಿಸಿಲಿಗೆ.