ಕಾಲ್ಚೆಂಡಿನ ಒಂದು ಋತು

ರಾಮನಗರದ ಬಂಡೆಗಳ ಮೇಲೆ ಇಳಿಬಿಸಿಲು ಕೆಂಪಡರುವ ಹೊತ್ತಿನಲ್ಲಿ ಅಲ್ಲಿನ ಮೈದಾನಗಳ ಪಕ್ಕದಲ್ಲಿ ನಡೆದುಹೋಗುವುದು ನನಗೆ ಬಹುಕಾಲದ ರೂಢಿ. ಕಣ್ಣಿಗೆ ಮೊದಲು ಬೀಳುವುವು ಕ್ರಿಕೆಟ್ಟಿನ ಮೂರು ಕೋಲುಗಳು. ಆಮೇಲೆ ಕಬಡ್ಡಿಯ ಗೆರೆ, ವಾಲಿಬಾಲಿನ ಬಲೆ. ಕಾಲ್ಚೆಂಡು ಅಪರೂಪ. ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿಯೂ ನಾನು ಕಂಡದ್ದು ಬಹುಮಟ್ಟಿಗೆ ಇದೇ. ಬೆಂಗಳೂರಿನಿಂದ ಈ ನಾಲ್ಕು ಊರುಗಳಿಗೆ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು. ಅಷ್ಟು ಸಮೀಪದಲ್ಲಿದ್ದರೂ ಬೆಂಗಳೂರಿನ ಕಾಲ್ಚೆಂಡು ಇಲ್ಲಿಗೆ ಬಂದು ನೆಲೆಸಲಿಲ್ಲವೇಕೆ ಎಂಬ ಪ್ರಶ್ನೆ ನನ್ನನ್ನು ಕಾಡಿದ್ದು 2023ರ ಮಾರ್ಚ್ ತಿಂಗಳಲ್ಲಿ.

ಆ ತಿಂಗಳ 4ನೆಯ ತಾರೀಖು, ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ, ಕರ್ನಾಟಕ ತಂಡವು ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಹಿಂದೆ ಈ ಪಾರಿತೋಷಕ ನಮ್ಮವರ ಕೈಗೆ ಬಂದದ್ದು 1968-69ರಲ್ಲಿ. ಆಗ ನಾಡಿನ ಹೆಸರು ಇನ್ನೂ ಮೈಸೂರು ರಾಜ್ಯ. ನಡುವೆ ಸಂದುಹೋದ ಕಾಲ ಐವತ್ತನಾಲ್ಕು ವರ್ಷ. ಅಂದು ಗೆದ್ದವರ ಮೊಮ್ಮಕ್ಕಳು ಕಾಲೇಜು ಸೇರುವಷ್ಟು ಕಾಲ.

ಆ ಋತುವಿನ ಹಾದಿ ಸುಗಮವಾಗಿರಲಿಲ್ಲ. ಭುವನೇಶ್ವರದಲ್ಲಿ ಫೆಬ್ರುವರಿಯಲ್ಲಿ ಅಂತಿಮ ಸುತ್ತು ನಡೆಯಿತು. ಆರು ತಂಡಗಳ ಗುಂಪು. ಪ್ರತಿ ತಂಡಕ್ಕೂ ಐದು ಪಂದ್ಯ. ಮುಂದಕ್ಕೆ ಹೋಗುವವರು ಇಬ್ಬರೇ. ಹಿಂದಿನ ಋತುವಿನಲ್ಲಿ ಗೆದ್ದ ಕೇರಳ ಇದ್ದದ್ದು ನಮ್ಮ ಗುಂಪಿನಲ್ಲಿಯೇ. ಅದನ್ನು 1-0ಯಿಂದ ಮಣಿಸಿ, ಪಂಜಾಬಿನ ಹಿಂದೆ ಎರಡನೆಯ ಸ್ಥಾನ ಪಡೆದು, ರವಿ ಬಾಬು ರಾಜು ಅವರ ತರಬೇತಿಯಲ್ಲಿ ನಮ್ಮ ಹುಡುಗರು ರಿಯಾದ್ ಸೇರಿದರು. ಸಂತೋಷ್ ಟ್ರೋಫಿಯ ಪಂದ್ಯಗಳು ಭಾರತದ ಹೊರಗೆ ನಡೆದದ್ದು ಅದೇ ಮೊದಲು. ಉಪಾಂತ್ಯದಲ್ಲಿ ಸರ್ವಿಸಸ್ ತಂಡಕ್ಕೆ ಮೊದಲ ಗೋಲನ್ನು ಬಿಟ್ಟುಕೊಟ್ಟರೂ ಎದೆಗುಂದದೆ 3-1ರಿಂದ ಗೆದ್ದರು. ಅಂತಿಮ ಪಂದ್ಯದ ಎರಡನೆಯ ನಿಮಿಷದಲ್ಲಿಯೇ ಸುನಿಲ್ ಕುಮಾರ್ ಚೆಂಡನ್ನು ಬಲೆಗೆ ಸೇರಿಸಿದರು. ಮೇಘಾಲಯ ಪೆನಾಲ್ಟಿಯಿಂದ ಸಮಮಾಡಿಕೊಂಡಿತು. ಬೇಕಿ ಓರಾಂ ಮತ್ತೆ ಮುನ್ನಡೆ ತಂದರು. ವಿರಾಮಕ್ಕೆ ಸ್ವಲ್ಪ ಮುನ್ನ ರಾಬಿನ್ ಯಾದವ್ ಫ್ರೀ ಕಿಕ್ಕಿನಿಂದ ಮೂರನೆಯದನ್ನು ಹೊಡೆದರು. ವಿರಾಮದ ಬಳಿಕ ಎದುರಾಳಿಗಳು ಇನ್ನೊಂದನ್ನು ತೀರಿಸಿದರು. ಅಲ್ಲಿಂದಾಚೆಗೆ ಅರ್ಧ ಗಂಟೆಯ ಕಾಲ ಒಂದೇ ಗೋಲಿನ ಅಂತರವನ್ನು ಕಾಯ್ದುಕೊಂಡವರ ಮನಸ್ಸಿನ ಸ್ಥಿತಿಯನ್ನು, ಗಡಿಯಾರ ನೋಡುತ್ತ ಕುಳಿತಿದ್ದ ನಮ್ಮಂಥವರು ಕೂಡ ಸ್ವಲ್ಪಮಟ್ಟಿಗೆ ಊಹಿಸಬಲ್ಲೆವು.

ಮೈಸೂರಿನ ಹಳೆಯ ಗೆಲುವುಗಳಿಗೆ ಒಂದು ವಿಶೇಷವುಂಟು. 1946-47, 1952-53, 1967-68, 1968-69, ಈ ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳ. ಕಾಲ್ಚೆಂಡನ್ನು ಕುಲದೈವದಂತೆ ಪೂಜಿಸುವ ನಾಡನ್ನು ನಾಲ್ಕು ಬಾರಿ ಸೋಲಿಸುವುದು ಸಾಮಾನ್ಯದ ಮಾತಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತ ಫ್ರಾನ್ಸಿನೆದುರು 2-1ರಿಂದ ಸೋತಿತಷ್ಟೆ. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಆ ದಿನ ಬರಿಗಾಲಿನಲ್ಲಿ ಆಡಿದರು. ಭಾರತದ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಈ ಹೆಸರು ನಮ್ಮ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು?

ಬೆಂಗಳೂರಿಗೆ ಈ ಶಕ್ತಿ ಬಂದದ್ದು ಎಲ್ಲಿಂದ? ದಂಡು ಪ್ರದೇಶದ ಸೋಲ್ಜರುಗಳಿಂದ ಆಟ ಕಲಿತವರು ಅಲ್ಲಿಯ ದುಡಿಯುವ ಜನ. ಆಸ್ಟಿನ್ ಟೌನ್, ಗೌತಮಪುರಗಳ ಇಕ್ಕಟ್ಟಾದ ಓಣಿಗಳಲ್ಲಿ ಅದು ಬೇರೂರಿತು. ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಮುಂದೆ ಎಚ್.ಎ.ಎಲ್., ಐ.ಟಿ.ಐ. ಮೊದಲಾದ ಕಾರ್ಖಾನೆಗಳು ತಂಡ ಕಟ್ಟಿ ಆಟಗಾರರಿಗೆ ಉದ್ಯೋಗ ಕೊಟ್ಟುವು. ಆಡಿದರೆ ಅನ್ನಕ್ಕೆ ದಾರಿಯುಂಟೆಂದು ತಾಯಿತಂದೆಗಳಿಗೆ ನಂಬಿಕೆ ಹುಟ್ಟಿತು. ಓಣಿ, ಗುರು, ವಾರವಾರದ ಪಂದ್ಯ, ಕೊನೆಗೊಂದು ಕೆಲಸ, ಈ ನಾಲ್ಕೂ ಕೂಡಿದಾಗ ಆಟ ಬೆಳೆಯಿತು. ನಮ್ಮ ನಾಲ್ಕು ಊರುಗಳಲ್ಲಿ ಮೈದಾನಕ್ಕೆ ಬೆಂಗಳೂರಿನಷ್ಟು ಬರವಿಲ್ಲ. ಗದ್ದೆಗೆಲಸ, ರೇಷ್ಮೆಗೆಲಸಗಳಲ್ಲಿ ಪಳಗಿದ ಮೈಕಟ್ಟಿನ ಹುಡುಗರಿಗೂ ಬರವಿಲ್ಲ. ಇಲ್ಲದಿರುವುದು ಉಳಿದದ್ದು.

ನಾನು ಕೆಲವು ಕಾಲ ಪಾಠ ಹೇಳಿದ ಒಂದು ಕಾಲೇಜಿನಲ್ಲಿ ಎರಡು ಕಾಲ್ಚೆಂಡುಗಳಿದ್ದುವು. ಎರಡೂ ಬೀರುವಿನಲ್ಲಿ ಭದ್ರವಾಗಿದ್ದುವು. ವರ್ಷಕ್ಕೊಮ್ಮೆ ಅಂತರಕಾಲೇಜು ಪಂದ್ಯದ ಸುತ್ತೋಲೆ ಬಂದಾಗ ಅವುಗಳಿಗೆ ಗಾಳಿ ತುಂಬುತ್ತಿದ್ದರು. ಹನ್ನೊಂದು ಮಂದಿಯನ್ನು ಹೆಕ್ಕಿ, ಒಂದು ವಾರ ಓಡಿಸಿ, ಬಸ್ಸು ಹತ್ತಿಸುತ್ತಿದ್ದರು. ಮೊದಲ ಪಂದ್ಯದಲ್ಲಿಯೇ ಸೋತು ಆ ಸಂಜೆಗೆ ಮರಳುತ್ತಿದ್ದರು. ಒಂದು ಸಲ ಹಾಗೆ ಮರಳಿದ ಹುಡುಗನೊಬ್ಬ, “ಸಾರ್, ಅವರಿಗೆ ಇದು ಈ ವರ್ಷದ ಇಪ್ಪತ್ತನೆಯ ಪಂದ್ಯವಂತೆ, ನಮಗೆ ಮೊದಲನೆಯದು” ಎಂದ. ಅವನ ದನಿಯಲ್ಲಿ ದೂರಿರಲಿಲ್ಲ, ಲೆಕ್ಕವಿತ್ತು. ಮರುದಿನ ಚೆಂಡುಗಳು ಬೀರುವಿಗೆ ಹೋದುವು. ಬೀಗದ ಕೈ ಕೇಳುವ ಧೈರ್ಯ ನನಗೂ ಆಗಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಋತು ಎಂಬ ಮಾತಿನ ಅರ್ಥ ಆ ಹುಡುಗನ ಲೆಕ್ಕದಲ್ಲಿದೆ. ಒಂದು ದಿನದ ಪಂದ್ಯ ಋತುವಾಗದು. ಸೋತ ಮೇಲೆ ಮುಂದಿನ ವಾರ ಮತ್ತೆ ಆಡಲು ಅವಕಾಶವಿರಬೇಕು. ಸೋಲಿನಿಂದ ಕಲಿತದ್ದನ್ನು ಒರೆಗೆ ಹಚ್ಚಲು ಇನ್ನೊಂದು ಪಂದ್ಯ ಬೇಕು. ಭುವನೇಶ್ವರದ ಐದು ಪಂದ್ಯಗಳಿಲ್ಲದಿದ್ದರೆ ರಿಯಾದಿನ ಎರಡು ಗೆಲುವುಗಳಿರುತ್ತಿರಲಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕು ಊರುಗಳ ಕಾಲೇಜುಗಳು ಮನಸ್ಸು ಮಾಡಿದರೆ ಮಳೆಗಾಲ ಕಳೆದ ಮೇಲೆ ಒಂದು ಋತುವನ್ನು ನಡೆಸಬಹುದು. ಒಬ್ಬೊಬ್ಬರೂ ಉಳಿದ ಮೂವರೊಡನೆ ತಮ್ಮೂರಿನಲ್ಲೊಮ್ಮೆ, ಅವರೂರಿನಲ್ಲೊಮ್ಮೆ ಆಡಿದರೆ ಪ್ರತಿ ತಂಡಕ್ಕೂ ಆರು ಪಂದ್ಯ, ಒಟ್ಟು ಹನ್ನೆರಡು. ಬಸ್ಸಿನ ಖರ್ಚು, ಒಬ್ಬ ತೀರ್ಪುಗಾರ, ಸುಣ್ಣದ ಗೆರೆ. ಇದಕ್ಕೆ ದೊಡ್ಡ ಅನುದಾನ ಬೇಡ. ಮೊದಲ ವರ್ಷ ನೋಡಲು ಬರುವವರು ಹತ್ತು ಜನರಿದ್ದಾರು. ಇರಲಿ. ಬೀರುವಿನ ಬೀಗವನ್ನು ಮಾತ್ರ ತೆಗೆದಿಡಬೇಕು.